24 ವರ್ಷಕ್ಕೇ ಪ್ಯಾಪ್ ಟೆಸ್ಟ್ ಅಸಹಜ ಅಂತ ಬಂದಿದೆ, ಇದು ಕ್ಯಾನ್ಸರಾ?

ಬಹುತೇಕ ಅಲ್ಲ. ಈ ವಯಸ್ಸಿನಲ್ಲಿ ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಗರ್ಭಕೊರಳಿನಿಂದ ಸಣ್ಣ ಬ್ರಶ್‌ನಲ್ಲಿ ತೆಗೆದ ಜೀವಕೋಶಗಳು ಸ್ವಲ್ಪ ಬದಲಾಗಿ ಕಂಡಿವೆ, ಅಷ್ಟೇ. ಹೆಚ್ಚಾಗಿ ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಬರುವ ಇದು ತುಂಬಾ ಜನರಿಗೆ ತಗಲುತ್ತದೆ, ನಾಚಿಕೊಳ್ಳುವಂಥದ್ದಲ್ಲ. ಸಾಮಾನ್ಯವಾಗಿ 1–2 ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಉಳಿದುಬಿಟ್ಟರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ನಮ್ಮ ದೇಶದಲ್ಲಿ ತಪಾಸಣೆ 30ರಿಂದ ಶುರುವಾಗುವುದೂ ಅದಕ್ಕೇ.

ಬದಿಯಡ್ಕದಿಂದ ಗಾಬರಿಯಲ್ಲಿ ಮಂಗಳೂರಿನ ಬಸ್ಸು ಹತ್ತುವ ಮೊದಲು ರಿಪೋರ್ಟಿನ ಕೊನೆಯ ಸಾಲು ನೋಡಿ. ‘ಎಲ್‌ಎಸ್‌ಐಎಲ್’ ಅಂದರೆ ಸಣ್ಣ ಬದಲಾವಣೆ, ಸಾಮಾನ್ಯವಾಗಿ ವರ್ಷ ಬಿಟ್ಟು ಮತ್ತೆ ಟೆಸ್ಟ್. ‘ಎಚ್‌ಎಸ್‌ಐಎಲ್’, ಅಂದರೆ ದೊಡ್ಡ ಬದಲಾವಣೆ, ಇದ್ದರೆ ತಡಮಾಡಬೇಡಿ, ಕಾಲ್ಪೊಸ್ಕೋಪಿ, ಅಂದರೆ ಗರ್ಭಕೊರಳನ್ನು ದೊಡ್ಡದು ಮಾಡಿ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಿ.