ಆಸ್ಪತ್ರೆಯಲ್ಲಿ ನಿಂತವರು

ಸುರತ್ಕಲ್‌ನ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ಕಾಪುವಿನಲ್ಲಿರುವ ಅವರ ಅಮ್ಮನಿಗೆ ಸ್ತನ ಕ್ಯಾನ್ಸರ್. ಎರಡು ವರ್ಷದಿಂದ ನೋಡಿಕೊಳ್ಳುತ್ತಿರುವುದು ಅತ್ತಿಗೆ. ಅಣ್ಣ ದುಬೈಯಲ್ಲಿ. ಅತ್ತಿಗೆ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು, ಈಗ ಅದೂ ನಿಂತಿದೆ. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ಒಂದು ಕಾರ್ಯಕ್ರಮದಲ್ಲಿ ಅಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅತ್ತಿಗೆ ಕೆಳಗೆ ಅಮ್ಮನ ಚೀಲ ಹಿಡಿದು ನಿಂತಿದ್ದರು. ಯಾರೂ ಅವರ ಹೆಸರೆತ್ತಲಿಲ್ಲ. “ಇಂಥವರಿಗೆ ನಿಮ್ಮ ಪತ್ರಿಕೆ ವರ್ಷಕ್ಕೊಂದು ಪ್ರಶಸ್ತಿ ಕೊಡಬಾರದೇ? ಆದಿತ್ಯವಾರ ಹೋಗಿ ಬರುವ ನನ್ನಂಥವಳು ಇನ್ನೇನು ಮಾಡಬಹುದು?” ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಆ ಚೀಲದ ಮಾತು ಬಂದಲ್ಲಿ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದರೊಳಗೆ ಏನಿರುತ್ತದೆ ಎಂದು ನನಗೆ ಗೊತ್ತು. ಫೈಲು, ಸ್ಕ್ಯಾನಿನ ದೊಡ್ಡ ಕವರು, ಆಯುಷ್ಮಾನ್ ಕಾರ್ಡಿನ ನಾಲ್ಕೈದು ಜೆರಾಕ್ಸ್, ಬಸ್ಸಿನಲ್ಲಿ ವಾಂತಿ ಬಂದರೆ ಬೇಕಾಗುವ ಪ್ಲಾಸ್ಟಿಕ್ ತೊಟ್ಟೆ, ಒಂದು ಹಳೆ ಟವೆಲ್, ಬಿಸಿನೀರಿನ ಫ್ಲಾಸ್ಕ್. ನನ್ನ ತಂಗಿಯ ಕೈಯಲ್ಲೂ ಅಂಥದ್ದೊಂದು ಚೀಲ ಇತ್ತು.

ನಮ್ಮ ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಕರೆಂಟ್ ಕೊಡುವುದು ಅಂತೇವಲ್ಲ, ಆ ರೇಡಿಯೇಶನ್, ವಾರಕ್ಕೆ 5 ದಿನದಂತೆ 7 ವಾರ. ಮೂಗಿನಿಂದ ಹೊಟ್ಟೆಗೆ ಪೈಪು. ಎಲ್ಲಾ ತಂಗಿಯದ್ದೇ ಓಡಾಟ. ನಾನು ಮಂಗಳೂರಿನ ಆಫೀಸಿನಿಂದ ದಿನಾ ಫೋನ್ ಮಾಡುತ್ತಿದ್ದೆ. ಆದಿತ್ಯವಾರ ನಾಲ್ಕು ಸೀಯಾಳ ಹಿಡಿದು ಹೋಗುತ್ತಿದ್ದೆ. ಹೊರಡುವಾಗ “ಧೈರ್ಯವಾಗಿರು” ಎಂದು ಅವಳಿಗೆ ಹೇಳುತ್ತಿದ್ದೆ. ಅಷ್ಟು ಮಾಡಿದರೆ ಆಯಿತು ಎಂದೇ ನಂಬಿದ್ದೆ.

ಒಂದು ಆದಿತ್ಯವಾರ ಅವಳು, “ಅಣ್ಣ, ನಾಳೆ ಒಂದು ದಿನ ನೀನು ನಿಲ್ಲುತ್ತೀಯಾ? ಹಲ್ಲು ಕೀಳಿಸಲಿಕ್ಕಿದೆ” ಎಂದಳು. ಎಷ್ಟು ದಿನದಿಂದ ನೋವು ಎಂದು ಕೇಳಿದೆ. ಎರಡು ತಿಂಗಳು ಅಂತೆ. ದವಡೆ ಊದಿಕೊಂಡಿತ್ತು. ನಾನು ವಾರ ವಾರ ಅದೇ ಮುಖ ನೋಡಿ ಬಂದಿದ್ದೆ, ಗಮನಿಸಿರಲಿಲ್ಲ. ಆ ಮನೆಯಲ್ಲಿ ನಾನು ನೋಡುತ್ತಿದ್ದದ್ದು ಅಪ್ಪನನ್ನು ಮಾತ್ರ.

ಮರುದಿನ ನಾನು ನಿಂತೆ. ಕುಚ್ಚಲಕ್ಕಿ ಗಂಜಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಬೇಕು. ಒಂದು ಕಾಳಿನ ಚೂರು ಉಳಿದರೂ ಪೈಪು ಕಟ್ಟುತ್ತದೆ. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿ, ಸಿರಿಂಜಿನಲ್ಲಿ ನಿಧಾನಕ್ಕೆ ಇಳಿಸಬೇಕು. ಕೊನೆಗೆ ನೀರು ಬಿಟ್ಟು ಪೈಪು ತೊಳೆಯಬೇಕು. ಆಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದೀತು. ಒಂದು ಸಲದ್ದು ಮುಗಿಯುವಾಗ ಮುಕ್ಕಾಲು ಗಂಟೆ. ಎರಡು ಗಂಟೆ ಬಿಟ್ಟು ಮತ್ತೆ ಶುರು. ನಡುವೆ ಮಾತ್ರೆ ಪುಡಿ ಮಾಡುವುದು, ಕಫ ಒರೆಸುವುದು, ಬಟ್ಟೆ ಬದಲಿಸುವುದು. ರಾತ್ರಿ ಅಪ್ಪ ಕೆಮ್ಮಿದಾಗಲೆಲ್ಲ ನಾನು ಎದ್ದು ಕೂತೆ. ಬೆಳಗಾಗುವಾಗ ನನಗೆ ಅಳುವೇ ಬಂತು. ತಂಗಿ ಅದನ್ನು ಐದು ತಿಂಗಳಿನಿಂದ ಮಾಡುತ್ತಿದ್ದಳು.

ನಮ್ಮ ಕಡೆ ಯಾರಾದರೂ ಅಡ್ಮಿಟ್ ಆದರೆ ಮೊದಲು ಕೇಳುವ ಪ್ರಶ್ನೆ, “ನಿಲ್ಲಲಿಕ್ಕೆ ಯಾರಿದ್ದಾರೆ?” ಅಲ್ವಾ? ಆ ಪ್ರಶ್ನೆಗೆ ಒಂದು ಹೆಸರು ಸಿಕ್ಕಿತೆಂದರೆ ಉಳಿದವರಿಗೆಲ್ಲ ಸಮಾಧಾನ. ಮತ್ತೆ ಆ ಹೆಸರು ಬದಲಾಗುವುದೇ ಇಲ್ಲ. ಹೆಚ್ಚಾಗಿ ಅದು ಸೊಸೆಯದ್ದೋ, ಮದುವೆಯಾಗದ ಮಗಳದ್ದೋ ಆಗಿರುತ್ತದೆ.

ಈಗ ನಿಮ್ಮ ಪ್ರಶಸ್ತಿಯ ಮಾತಿಗೆ ಬರುತ್ತೇನೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಸನ್ಮಾನ ನಮ್ಮ ಜಿಲ್ಲೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ನಿಮ್ಮ ಅತ್ತಿಗೆಯನ್ನು ವೇದಿಕೆಗೆ ಹತ್ತಿಸಿ ‘ತ್ಯಾಗಮಯಿ’ ಎಂದು ಮೈಕಿನಲ್ಲಿ ಹೇಳಿದೆವು ಅಂತಿಟ್ಟುಕೊಳ್ಳಿ. ಮರುದಿನ ಅವರು “ನನಗೆ ಸಾಕಾಗಿದೆ” ಎಂದು ಯಾರ ಹತ್ತಿರ ಹೇಳಬೇಕು? ಊರೆಲ್ಲ ಹೊಗಳಿದ ಮೇಲೆ ದಣಿವನ್ನು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ನನ್ನ ತಂಗಿ ಹಲ್ಲುನೋವನ್ನು ಎರಡು ತಿಂಗಳು ಮುಚ್ಚಿಟ್ಟದ್ದು ಯಾಕೆ? “ನಿನ್ನಂಥ ಮಗಳು ಯಾರಿಗೂ ಇಲ್ಲ” ಎಂದು ನಾವೆಲ್ಲ ಹೇಳುತ್ತಿದ್ದೆವು. ಆ ಮಾತಿಗೆ ತಪ್ಪಿ ನಡೆಯಲು ಅವಳಿಗೆ ಆಗಲಿಲ್ಲ.

ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ಡಿಸ್ಚಾರ್ಜಿನ ದಿನ ಡಾಕ್ಟರು ಎಲ್ಲ ವಿವರವನ್ನು ನನಗೆ ಹೇಳಿದರು. ಇಸ್ತ್ರಿ ಹಾಕಿದ ಅಂಗಿ ತೊಟ್ಟ ಮಗ ಎದುರಿಗಿದ್ದ, ಹೇಳಿದರು. ಮಾತ್ರೆಯ ಬಣ್ಣವೂ ಗೊತ್ತಿಲ್ಲದ ನಾನು ತಲೆ ಆಡಿಸಿದೆ. ಎಲ್ಲ ಗೊತ್ತಿದ್ದ ತಂಗಿ ನನ್ನ ಹಿಂದೆ ನಿಂತಿದ್ದಳು. ಆ ಹೊತ್ತು ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, “ಇವಳಿಗೆ ಹೇಳಿ ಡಾಕ್ಟ್ರೇ, ನೋಡಿಕೊಳ್ಳುವುದು ಇವಳೇ” ಎನ್ನಬೇಕಿತ್ತು. ಅತ್ತಿಗೆಯ ಜೊತೆ ಆಸ್ಪತ್ರೆಗೆ ಹೋದಾಗ ನೀವು ಇದನ್ನು ಮಾಡಿ. ಮನೆಯಲ್ಲಿ ಏನೇನು ಆಗಬಹುದು, ಯಾವಾಗ ಓಡಿ ಬರಬೇಕು ಎಂದು ಅವರೇ ಕೇಳಲಿ. ಕೀಮೋ ಆದ ವಾರ ಎರಡು ವಾರದಲ್ಲಿ ರಕ್ತದ ಬಿಳಿಕಣ ತೀರಾ ಇಳಿಯುತ್ತದೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯುವ ಹಾಗಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೀಮೋ ಆಗಿ ಎರಡು ದಿನ ವಾಂತಿ, ಮೂತ್ರ ಶುಚಿ ಮಾಡುವಾಗ ಕೈಗೆ ಗ್ಲೌಸ್ ಬೇಕು. ಅದು ನೋಡಿಕೊಳ್ಳುವವರ ಮೈಯನ್ನು ಕಾಪಾಡುವ ವಿಷಯ. ಅತ್ತಿಗೆಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ, ಕೇಳಿ ನೋಡಿ.

ದುಡ್ಡಿನ ಮಾತೂ ಆಡಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದು ರೋಗಿಯ ಲೆಕ್ಕ. ಕಟ್ಟದ ಬೀಡಿಗೆ ಮಜೂರಿ ಇಲ್ಲ. ಅತ್ತಿಗೆಯ ಕೈಯಲ್ಲಿ ಅವರದ್ದೇ ಅಂತ ಇದ್ದ ದುಡ್ಡು ಎರಡು ವರ್ಷದಿಂದ ನಿಂತಿದೆ. ಅಣ್ಣನಿಗೆ ಹೇಳಿ, ತಿಂಗಳು ತಿಂಗಳು ಇಷ್ಟು ಅಂತ ಅತ್ತಿಗೆಯ ಹೆಸರಿನ ಖಾತೆಗೆ ಹಾಕಲಿ. ಮನೆಖರ್ಚಿನಲ್ಲಿ ಸೇರಿಸಬಾರದು. ಇದನ್ನು ಹೇಳಲು ನಾದಿನಿಯಾದ ನಿಮಗಿಂತ ಸರಿಯಾದವರು ಇಲ್ಲ. ರೈಲ್ವೆಯವರು ಒಂದು ವಿಷಯದಲ್ಲಿ ನಮ್ಮ ಮನೆಗಳಿಗಿಂತ ಮುಂದಿದ್ದಾರೆ ಅನಿಸುತ್ತದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಯ ಜೊತೆಗೆ ಹೋಗುವವರಿಗೂ ಅವರು ಟಿಕೆಟಿನಲ್ಲಿ ರಿಯಾಯಿತಿ ಕೊಡುತ್ತಾರೆ. ಸ್ಲೀಪರಿನಲ್ಲಿ ಅದು 75 ಶೇಕಡಾ.

ನಮ್ಮ ಪಕ್ಕದ ಕೇರಳವನ್ನು ನೋಡಿ. ತಲಪಾಡಿ ಗೇಟು ದಾಟಿದರೆ ಕೇರಳ. ಅಲ್ಲಿ 2008ರಲ್ಲೇ ಸರಕಾರ ಉಪಶಾಮಕ ಆರೈಕೆಗೆ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಗೆ, ಒಂದು ನೀತಿ ತಂದಿತು. ಅದಕ್ಕೂ ಮೊದಲೇ ಕೋಝಿಕ್ಕೋಡ್, ಮಲಪ್ಪುರಂ ಕಡೆ ನೆರೆಕರೆಯವರೇ ತರಬೇತಿ ಪಡೆದು, ವಾರದಲ್ಲಿ ಕೆಲವು ಗಂಟೆ ಮಲಗಿದವರ ಮನೆಗೆ ಹೋಗುವ ಕ್ರಮ ಶುರು ಮಾಡಿದ್ದರು. ನಮ್ಮಲ್ಲಿ ಭಜನಾ ಮಂಡಳಿ ಇಲ್ಲದ ಊರಿಲ್ಲ, ಯುವಕ ಮಂಡಲ ಇದೆ, ಸ್ವಸಹಾಯ ಸಂಘ ಇದೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಕರಸೇವೆಗೆ ಬಾ ಎಂದರೆ ನೂರು ಜನ ಬರುತ್ತಾರೆ. ಆ ನೂರರಲ್ಲಿ ಆರು ಜನ ವಾರಕ್ಕೆ ಒಂದು ಮಧ್ಯಾಹ್ನ ಕೊಟ್ಟರೆ ಕಾಪುವಿನ ಒಂದು ಮನೆಯ ಹೆಂಗಸು ನಿದ್ದೆ ಮಾಡಬಹುದು. ಸನ್ಮಾನಕ್ಕೆ ಬರುವ ಸಂಘಗಳಿಗೆ ನಾನು ಇನ್ನು ಇದನ್ನೇ ಕೇಳುತ್ತೇನೆ. ಪ್ರಶಸ್ತಿಯ ಬದಲು ನಮ್ಮ ಪತ್ರಿಕೆ ಮಾಡಬಹುದಾದ್ದು ಅದು.

ಮಣಿಪಾಲದವರ ಹಾಸ್ಪೈಸ್ ಅಂಡ್ ರೆಸ್ಪೈಟ್ ಸೆಂಟರ್ ಉಡುಪಿ ಹತ್ತಿರ ಹಾವಂಜೆಯಲ್ಲಿದೆ. ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಜಾಗ, ರೆಸ್ಪೈಟ್ ಎಂದರೆ ನೋಡಿಕೊಳ್ಳುವವರಿಗೆ ಸಿಗುವ ಬಿಡುವು. ಬಿಡುವಿನ ಆ ಮಾತು ಒಂದು ಸಂಸ್ಥೆಯ ಹೆಸರಿನಲ್ಲೇ ಇರುವುದು ನನಗೆ ಸಂತೋಷ. ಅಮ್ಮನಿಗೆ ಅಲ್ಲಿಯದ್ದು ಹೊಂದುತ್ತದೆಯೇ ಎಂದು ನಿಮ್ಮ ಡಾಕ್ಟರ ಹತ್ತಿರ ಕೇಳಿ. ಅತ್ತಿಗೆ ಮಾತು ಕಡಿಮೆ ಮಾಡಿದ್ದಾರೆ, ಸುಮ್ಮನೆ ಅಳುತ್ತಾರೆ ಎಂದು ಬರೆದಿದ್ದೀರಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರಕಾರದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ನಂಬರು ಕೊಟ್ಟು ಬಂದರೆ ಅವರು ಮಾಡಲಿಕ್ಕಿಲ್ಲ. ನೀವು ಪಕ್ಕದಲ್ಲಿದ್ದು, ಡಯಲ್ ಮಾಡಿ ಕೊಡಿ, ಆಮೇಲೆ ಕೋಣೆಯಿಂದ ಹೊರಗೆ ಬನ್ನಿ.

ಇನ್ನು ನಿಮ್ಮ ಆದಿತ್ಯವಾರ. ಸುರತ್ಕಲ್‌ನಿಂದ ಕಾಪುವಿಗೆ ದೂರ ಏನಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವುದನ್ನು ಬಿಟ್ಟು, ಶನಿವಾರ ಸಂಜೆಯೇ ಹೋಗಿ. ಹೋದವರು ಅಮ್ಮನ ಮಂಚದ ಹತ್ತಿರ ಕೂರುವ ಮೊದಲು ಅಡುಗೆಮನೆಗೆ ಹೋಗಿ, “ಅತ್ತಿಗೆ, ಇವತ್ತು ಎಷ್ಟು ಹೊತ್ತಿಗೆ ಏನು, ಎಲ್ಲಾ ನನಗೆ ಹೇಳಿಕೊಡಿ” ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನೀವು ತಪ್ಪು ಮಾಡುತ್ತೀರಿ, ಅಮ್ಮ “ಅವಳೇ ಬರಲಿ” ಎನ್ನುತ್ತಾರೆ. ನನ್ನ ಅಪ್ಪನೂ ಹಾಗೆಯೇ ಬಾಗಿಲ ಕಡೆ ನೋಡುತ್ತಿದ್ದರು. ಆದರೂ ಬಿಡಬೇಡಿ. ಎರಡನೇ ವಾರಕ್ಕೆ ಅಮ್ಮನಿಗೂ ರೂಢಿಯಾಗುತ್ತದೆ.

ಅತ್ತಿಗೆಯ ತವರು ಎಲ್ಲಿ ಎಂದು ನೀವು ಬರೆದಿಲ್ಲ. ಹತ್ತಿರವಾದರೆ ಆ ಒಂದು ರಾತ್ರಿ ಅಲ್ಲಿಗೆ ಹೋಗಿ ಮಲಗಿ ಬರಲಿ. ಚೀಲ ನಿಮ್ಮ ಹತ್ತಿರ ಇರಲಿ.