ಕ್ರಿಸ್‌ಮಸ್ ಕ್ಯಾರಲ್ ಹಿಡಿದು ಕಥೆ ಬರೆದು, ಸಹಾಯಾರ್ಥ ಪುಸ್ತಕ ತರುವುದು ಹೇಗೆ?

ಹನ್ನೆರಡು ಮಂದಿ ಗೆಳೆಯರು ತಲಾ ಒಂದು ಕ್ಯಾರಲ್ (ಕ್ರಿಸ್‌ಮಸ್ ಹಬ್ಬದ ಹಾಡು) ಆಯ್ದುಕೊಂಡು ಒಂದೊಂದು ಸಣ್ಣಕಥೆ ಬರೆಯಬೇಕು, ಪುಸ್ತಕ ಮಾರಿ ಬಂದ ಹಣ ಒಂದು ಮಕ್ಕಳ ಟ್ರಸ್ಟಿಗೆ ಹೋಗಬೇಕು ಎಂದಿದ್ದೀರಿ. ಕಥೆ ಎಲ್ಲಿಂದ ಶುರು ಮಾಡುವುದು, ಹಾಡಿನ ಸಾಲು ಬಳಸಬಹುದೇ, ಹಣದ ಲೆಕ್ಕ ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಕಥೆ. ಇಂಥ ಸಂಕಲನ ಸಪ್ಪೆಯಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬರೆಯುವವರು ಹಾಡಿನ ಮೂಡ್ ಎತ್ತಿಕೊಳ್ಳುತ್ತಾರೆ, ಹಾಡಿನಲ್ಲಿ ನಡೆಯುವ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಆಗ ಹನ್ನೆರಡು ಕಥೆಯಲ್ಲೂ ಅದೇ ಚಳಿ, ಅದೇ ನಕ್ಷತ್ರ, ಅದೇ ಕೇಕು, ಮುನಿಸಿಕೊಂಡು ಹೋದ ಮಗ ರಾತ್ರಿ ಹನ್ನೆರಡಕ್ಕೆ ಮನೆಗೆ ಬರುವುದು. ಹಾಗೆ ಮಾಡಬೇಡಿ. ಹಾಡಿನಲ್ಲಿ ಯಾರಿದ್ದಾರೆ, ಯಾವ ಹೊತ್ತು, ಯಾರ ಕೈಯಲ್ಲಿ ಏನಿದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಹಾಡು ಏನನ್ನು ಹೇಳದೆ ಬಿಟ್ಟಿದೆ ಎಂದು ಹುಡುಕಿ. ನಿಮ್ಮ ಕಥೆ ಇರುವುದು ಅಲ್ಲಿ.

'ಗುಡ್ ಕಿಂಗ್ ವೆನ್ಸಸ್ಲಾಸ್' ನೋಡಿ. ಜಾನ್ ಮೇಸನ್ ನೀಲ್ 1853ರಲ್ಲಿ ಪ್ರಕಟಿಸಿದ ಹಾಡು. ಡಿಸೆಂಬರ್ 26, ಸಂತ ಸ್ಟೀಫನ್ನನ ಹಬ್ಬ. ದೊರೆ ಹೊರಗೆ ನೋಡುತ್ತಾನೆ, ಹಿಮದಲ್ಲಿ ಒಬ್ಬ ಬಡವ ಸೌದೆ ಆಯುತ್ತಿದ್ದಾನೆ. ಅವನ್ಯಾರು, ಮನೆ ಎಲ್ಲಿ ಎಂದು ಸೇವಕ ಹುಡುಗನನ್ನು ಕೇಳುತ್ತಾನೆ. ಹುಡುಗ ತಡವರಿಸುವುದೇ ಇಲ್ಲ: ಇಲ್ಲಿಂದ ಒಂದು ಹರದಾರಿ, ಬೆಟ್ಟದ ಬುಡ, ಕಾಡಿನ ಬೇಲಿ ಪಕ್ಕ, ಸಂತ ಆಗ್ನೆಸಳ ಚಿಲುಮೆ ಹತ್ತಿರ. ಮಾಂಸ, ವೈನ್, ಪೈನ್ ಕೊರಡು ಹೊತ್ತು ಇಬ್ಬರೂ ಹೊರಡುತ್ತಾರೆ. ಗಾಳಿಗೆ ಹುಡುಗ ಕುಗ್ಗುತ್ತಾನೆ, ದೊರೆಯ ಹೆಜ್ಜೆ ಗುರುತಿನಲ್ಲೇ ಕಾಲಿಟ್ಟಾಗ ನೆಲ ಬೆಚ್ಚಗಿರುತ್ತದೆ. ಒಂದು ಉಪದೇಶ ಹೇಳಿ ಹಾಡು ಮುಗಿಯುತ್ತದೆ.

ಅವರು ಆ ಮನೆ ಮುಟ್ಟಿದ್ದನ್ನು ಹಾಡು ಹೇಳುವುದೇ ಇಲ್ಲ! ಬಾಗಿಲು ತೆರೆದವನ ಮುಖವನ್ನು ನಾವು ನೋಡಿಲ್ಲ. ಹುಡುಗನಿಗೆ ವಿಳಾಸ ಅಷ್ಟು ಕರಾರುವಾಕ್ಕಾಗಿ ಗೊತ್ತಿದ್ದದ್ದು ಹೇಗೆ? ಆ ಸೌದೆ ಯಾರ ಕಾಡಿನದು? ಒಂದೇ ಹಾಡಿನಲ್ಲಿ ಮೂರು ಕಥೆ ಸಿಕ್ಕಿತು. ಇದನ್ನು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ತಂದರೆ ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಕಾಲ. ದೊರೆಯ ಜಾಗದಲ್ಲಿ ಸಾಹುಕಾರರು, ಹುಡುಗನ ಜಾಗದಲ್ಲಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು. ಲೈನು ಎಂದರೆ ಕೂಲಿಯವರ ಮನೆಸಾಲು. ಆರಂಭ ಹೀಗಿರಬಹುದು:

"ಯಾರಯ್ಯಾ ಅದು, ನಮ್ಮ ಸಿಲ್ವರ್ ಮರದ ಕೊಂಬೆ ಎಳಕೊಂಡು ಹೋಗ್ತಿರೋದು?" ಅಂದರು ಸಾಹುಕಾರರು. ರೈಟರ್ ತಲೆಯೆತ್ತಿಯೂ ನೋಡದೆ "ಕೆಳಗಿನ ಲೈನು, ಮೂರನೇ ಮನೆ, ಸಾರ್" ಅಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಹಿಮವಿಲ್ಲ, ಸಂತನ ಹೆಸರಿಲ್ಲ, ಗಂಟೆಯ ಸದ್ದಿಲ್ಲ. ಹಾಡು ಬಲ್ಲವನಿಗೆ ಎರಡನೇ ಸಾಲಿನಲ್ಲೇ ಹೊಳೆಯುತ್ತದೆ, ಗೊತ್ತಿಲ್ಲದವನಿಗೂ ಕಥೆ ನಿಲ್ಲುತ್ತದೆ. ಕನ್ನಡದಲ್ಲಿ ಈ ಎರಡನೆಯವರೇ ಹೆಚ್ಚು, ಹಾಗಾಗಿ ಹಾಡನ್ನೇ ಕೇಳದ ಇಬ್ಬರಿಗೆ ಕರಡು ಓದಿಸಿ. ಯಾವ ಕ್ಯಾರಲ್ ಎಂಬ ಟಿಪ್ಪಣಿ ಕಥೆಯ ಕೊನೆಯಲ್ಲಿ ಎರಡು ಸಾಲು ಸಾಕು. ಮೊದಲೇ ಕೊಟ್ಟರೆ ಓದುವವರು ಕಥೆ ಬಿಟ್ಟು ಹೋಲಿಕೆ ಹುಡುಕುತ್ತಾ ಕೂರುತ್ತಾರೆ. ಇಲ್ಲ, ಕಥೆಯನ್ನು ಆ ದೊರೆಯ ನಾಡಾದ ಬೊಹೀಮಿಯಾದಲ್ಲೇ (ಈಗಿನ ಚೆಕ್ ದೇಶ) ಇಟ್ಟು ಬರೆಯುತ್ತೇನೆ ಎನ್ನುವವರು ಸ್ವಲ್ಪ ಓದಿಕೊಳ್ಳಲಿ. ವೆನ್ಸಸ್ಲಾಸ್ 10ನೇ ಶತಮಾನದವನು, ಬದುಕಿದ್ದಾಗ ರಾಜನಲ್ಲ, ಡ್ಯೂಕ್. ಅವನ ಅಡುಗೆಮನೆಯಲ್ಲಿ ಆಲೂಗಡ್ಡೆ ಸೂಪ್ ಕುದಿಸಿದಿರೋ, ಕೆಟ್ಟಿರಿ. ಆಲೂಗಡ್ಡೆ ಯೂರೋಪಿಗೆ ಬಂದದ್ದು ಕೊಲಂಬಸನ ಕಾಲದಿಂದ ಈಚೆಗೆ.

'ಸೈಲೆಂಟ್ ನೈಟ್' ತನಗೇ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಪ್ರತಿಯೊಬ್ಬರಿಂದ ಮೂರು ಆಯ್ಕೆ ಬರೆಸಿಕೊಂಡು ಹಂಚಿ. ಈ ಹಾಡಿಗೆ ಅಂಟಿಕೊಂಡ ಒಂದು ದಂತಕಥೆಯಿದೆ: ಇಲಿ ಚರ್ಚಿನ ಆರ್ಗನ್ ಕಡಿದುಹಾಕಿತು, ಅದಕ್ಕೇ ಗಿಟಾರ್ ನುಡಿಸಿದರು ಎಂದು. ಕಥೆಯೊಳಗೆ ಇಲಿ ಧಾರಾಳವಾಗಿ ಓಡಾಡಲಿ, ಮುನ್ನುಡಿಯಲ್ಲಿ ಇತಿಹಾಸ ಎಂದು ಮಾತ್ರ ಬರೆಯಬೇಡಿ. ಖಚಿತವಾಗಿರುವುದು ಇಷ್ಟು: ಪಾದ್ರಿ ಜೋಸೆಫ್ ಮೋರ್ ಪದ್ಯ ಬರೆದದ್ದು 1816ರಲ್ಲಿ. ಪಕ್ಕದೂರಿನ ಶಾಲೆ ಮೇಷ್ಟ್ರು ಫ್ರಾನ್ಸ್ ಗ್ರೂಬರ್ ರಾಗ ಹಾಕಿ, ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ ಗಿಟಾರ್ ಜತೆ ಇಬ್ಬರೂ ಹಾಡಿದ್ದು 1818ರ ಡಿಸೆಂಬರ್ 24ರಂದು. ನಡುವೆ ಎರಡು ವರ್ಷ ಆ ಪದ್ಯ ಎಲ್ಲಿ ಮಡಚಿಕೊಂಡಿತ್ತು? ನನಗೆ ಇಲಿಗಿಂತ ಇದೇ ಒಳ್ಳೆಯ ಕಥೆ ಅನ್ನಿಸುತ್ತದೆ.

'ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್' ಅನ್ನು ಹಾಸ್ಯ ಬಲ್ಲವರಿಗೆ ಕೊಡಿ. ಹಾಡಿನ ಲೆಕ್ಕದಂತೆ ಹನ್ನೆರಡು ದಿನವೂ ಆ ದಿನದ ಸಂಖ್ಯೆಯಷ್ಟು ಹೊಸ ಉಡುಗೊರೆಗಳ ಜತೆ ಹಳೆಯವೂ ಮತ್ತೆ ಬರುತ್ತವೆ, ಒಟ್ಟು 364 ಆಗುತ್ತದೆ, ಅದರಲ್ಲಿ ಅರ್ಧದಷ್ಟು ಹಕ್ಕಿಗಳೇ. ಆದರೆ ಹಾಡಿನ ಪುನರಾವರ್ತನೆ ಗದ್ಯದಲ್ಲಿ ಮೂರು ಸಲಕ್ಕಿಂತ ಹೆಚ್ಚು ನಡೆಯುವುದಿಲ್ಲ. ನಾಲ್ಕನೇ ಸಲಕ್ಕೆ ಏನಾದರೂ ಕೆಡಬೇಕು.

ಇನ್ನು ಹಕ್ಕುಸ್ವಾಮ್ಯ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಮೇಲಿನ ಹಾಡುಗಳ ಹಳೆಯ ಸಾಹಿತ್ಯಕ್ಕೆ ತೊಂದರೆ ಇಲ್ಲ. 'ವೈಟ್ ಕ್ರಿಸ್‌ಮಸ್', 'ಲಿಟಲ್ ಡ್ರಮ್ಮರ್ ಬಾಯ್', ಕೆಂಪು ಮೂಗಿನ ರುಡಾಲ್ಫನ ಹಾಡು ಮೂರೂ 20ನೇ ಶತಮಾನದವು, ಬರೆದವರು 1980ರ ದಶಕದಲ್ಲಿ ತೀರಿಕೊಂಡವರು. ಹೆಸರು ಹೇಳಬಹುದು, ಸಾಲು ಎತ್ತಬೇಡಿ. ಹಣ ದಾನಕ್ಕೆ ಹೋಗುತ್ತದೆ ಎಂಬುದು ಅನುಮತಿ ಆಗುವುದಿಲ್ಲ. ಹೆಚ್ಚು ಜನ ಎಡವುವುದು ಅನುವಾದದಲ್ಲಿ. ಮೂಲ ಹಳೆಯದಾದರೂ ಕನ್ನಡ ಗೀತೆಯ ಪುಸ್ತಕದಲ್ಲಿರುವ ಅನುವಾದ ಹೊಸಬರದಾಗಿದ್ದರೆ ಅದರ ಹಕ್ಕು ಬೇರೆ. ಬೇಕಾದ ಎರಡು ಸಾಲನ್ನು ನೀವೇ ಕನ್ನಡಕ್ಕೆ ತಂದುಬಿಡಿ.

ಹನ್ನೆರಡು ಲೇಖಕರಿಂದಲೂ ಒಂದು ಪುಟದ ಒಪ್ಪಂದ ಬರೆಸಿ: ಹಕ್ಕು ಲೇಖಕರದೇ, ಸಂಕಲನಕ್ಕೆ ಬಳಸಲು ಅನುಮತಿ, ಸಂಭಾವನೆ ಇಲ್ಲ, ಅವಧಿ ಇಷ್ಟು, ಪ್ರದೇಶ ಇಷ್ಟು. ಅವಧಿ ಬರೆಯದಿದ್ದರೆ ಕಾಯ್ದೆ 5 ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹೊರದೇಶದ ಕನ್ನಡಿಗರಿಗೆ ಇ-ಪುಸ್ತಕ ಮಾರುವ ಯೋಚನೆ ಇದ್ದರೆ 'ವಿಶ್ವಾದ್ಯಂತ' ಎಂಬ ಪದ ಮರೆಯಬೇಡಿ.

ಗಾತ್ರ, ಹಣ. ಕಥೆಗೆ 1500 ಪದ ಎಂದು ಮಿತಿ ಹಾಕಿ. ಹನ್ನೆರಡಕ್ಕೆ 18,000. ಡೆಮಿ 1/8 (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ) ಪುಟಕ್ಕೆ ಸುಮಾರು 220 ಪದ ಹಿಡಿದರೆ 82 ಪುಟ. ಪ್ರತಿ ಕಥೆ ಹೊಸ ಪುಟದಿಂದ ಶುರುವಾಗುವಾಗ ಉಳಿಯುವ ಖಾಲಿ ಜಾಗ, ಮುನ್ನುಡಿ, ಪರಿವಿಡಿ ಸೇರಿ 96ಕ್ಕೆ ಕೂರುತ್ತದೆ, ಅಂದರೆ 16 ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ಯಾರಾದರೂ 2500 ಪದ ಬರೆದುಬಿಟ್ಟರೆ ಏಳನೇ ಫಾರಂ ಬೀಳುತ್ತದೆ, ಅದರ ಖರ್ಚು ನಿಮ್ಮ ಟ್ರಸ್ಟಿನ ಪಾಲಿನಿಂದಲೇ ಹೋಗುತ್ತದೆ.

300 ಪ್ರತಿಗೆ ಒಟ್ಟು ಖರ್ಚು 21,000 ರೂಪಾಯಿ, ಬೆಲೆ 150 ಎಂದಿಟ್ಟುಕೊಳ್ಳಿ. ಪ್ರತಿಗೆ 70 ಬಿತ್ತು. ಪುಸ್ತಕದಂಗಡಿ ಶೇ. 40 ಕಮಿಷನ್ ಹಿಡಿದರೆ ಕೈಗೆ 90, ಉಳಿಯುವುದು 20. ನೀವೇ ಕೈಯಿಂದ ಕೈಗೆ ಮಾರಿದರೆ 80. ಆದ್ದರಿಂದ 'ಎಲ್ಲ ಹಣ ಮಕ್ಕಳಿಗೆ' ಎಂದು ಬೆನ್ನುಪುಟದಲ್ಲಿ ಅಚ್ಚು ಹಾಕಿಸುವ ಮುನ್ನ ಯೋಚಿಸಿ. ಆ ಮಾತು ನಿಜವಾಗಬೇಕಾದರೆ ಹನ್ನೆರಡು ಮಂದಿಯೂ ತಲಾ 1750 ಹಾಕಿ ಅಚ್ಚಿನ ಖರ್ಚು ಮೊದಲೇ ತೀರಿಸಿಬಿಡಿ. ಅದು ಆಗದಿದ್ದರೆ 'ಖರ್ಚು ಕಳೆದು ಉಳಿದದ್ದು' ಎಂದೇ ಬರೆಯಿರಿ. ಚಂದದ ಮುದ್ರಣದ ಆಸೆಗೆ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನೂ ಬಿದ್ದವನೇ. 1843ರಲ್ಲಿ ಅವನ ಕ್ರಿಸ್‌ಮಸ್ ಪುಸ್ತಕದ 6000 ಪ್ರತಿ ಹಬ್ಬದ ಮುನ್ನವೇ ಖಾಲಿಯಾದವು. ಆದರೆ ಚಿನ್ನದ ಅಂಚು, ಕೈಯಲ್ಲಿ ಬಣ್ಣ ತುಂಬಿದ ಚಿತ್ರಗಳ ಖರ್ಚು ಕಳೆದು, 1000 ಪೌಂಡ್ ನಿರೀಕ್ಷಿಸಿದ್ದವನಿಗೆ ಸಿಕ್ಕಿದ್ದು 230.

ಟ್ರಸ್ಟಿನ ಹೆಸರು, ಲೋಗೋ ಬಳಸಲು ಪತ್ರಮುಖೇನ ಒಪ್ಪಿಗೆ ಪಡೆಯಿರಿ. ಪುಸ್ತಕ ಕೊಂಡದ್ದು ಖರೀದಿ, ದೇಣಿಗೆಯಲ್ಲ, ಕೊಂಡವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಸಿಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ವಿದೇಶಿ ಪೌರರಿಂದ ನೇರವಾಗಿ ಟ್ರಸ್ಟಿಗೆ ದೇಣಿಗೆ ಬರುವುದಾದರೆ ಟ್ರಸ್ಟಿನವರಿಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ಮೊದಲೇ ಕೇಳಿ.

ವೇಳಾಪಟ್ಟಿಯನ್ನು ಹಿಂದಿನಿಂದ ಎಣಿಸಿ. ಡಿಸೆಂಬರ್ ಮೊದಲ ವಾರ ಪುಸ್ತಕ ಕೈಯಲ್ಲಿರಬೇಕು. ನವೆಂಬರಿನಲ್ಲಿ ಪ್ರೆಸ್ಸುಗಳಿಗೆ ಕ್ಯಾಲೆಂಡರ್, ಡೈರಿ ಕೆಲಸ ಮುತ್ತಿಕೊಂಡಿರುತ್ತದೆ, ಆದ್ದರಿಂದ ಅಕ್ಟೋಬರ್ ಕೊನೆಗೆ ಫೈಲ್ ಹೋಗಲಿ, ಆಗಸ್ಟ್ ಕೊನೆಗೆ ಕಥೆ ಬರಲಿ. ಯೂನಿಕೋಡ್‌ನಲ್ಲಿ ಬಂದದ್ದನ್ನು ಡಿಟಿಪಿಯವರು ಹಳೆಯ ನುಡಿ ಫಾಂಟಿಗೆ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಪ್ರೂಫನ್ನು ಬದಲಿಸಿದ ಮೇಲೆಯೇ ನೋಡಿ, ಮೊದಲು ನೋಡಿದ್ದು ಲೆಕ್ಕಕ್ಕಿಲ್ಲ.

ಸಾವಿರ ಪ್ರತಿ ಹಾಕಿಸಿದರೆ ತಲಾ ಖರ್ಚು ಇಳಿಯುತ್ತದೆ ಎಂದು ಪ್ರೆಸ್ಸಿನವರು ಹೇಳುತ್ತಾರೆ, ಅದು ನಿಜವೇ. ಆದರೆ ಹಬ್ಬದ ಕಾಲ ಮುಗಿಯುವ ಜನವರಿ 6 ದಾಟಿದ ಮೇಲೆ ಕ್ರಿಸ್‌ಮಸ್ ಪುಸ್ತಕವನ್ನು ಕೇಳುವವರಿಲ್ಲ. 300ಕ್ಕೆ ನಿಲ್ಲಿಸಿ. ಡಿಸೆಂಬರ್ 15ಕ್ಕೇ ತೀರಿಹೋದರೆ ಡಿಜಿಟಲ್ ಪ್ರೆಸ್ಸಿನಲ್ಲಿ ಇನ್ನೊಂದು 50 ತೆಗೆಸಬಹುದು.