ಮಣ್ಣಿಲ್ಲದ ಗಿಡಕ್ಕೆ ಜೀವಾಮೃತ ಹಾಕಬಹುದೇ?

ಪ್ರಶ್ನೆ: ಬಾಲ್ಕನಿಯಲ್ಲಿ ಪೈಪಿನ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ವಿಧಾನ) ಮಾಡಿ ಪಾಲಕ್ ಇಟ್ಟಿದ್ದೇನೆ. ರಾಸಾಯನಿಕ ಬೇಡವೆಂದು ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಹಾಕಿ ಹುದುಗಿಸಿದ ದ್ರವಗೊಬ್ಬರ) ಸೋಸಿ ನೀರಿಗೆ ಸೇರಿಸಿದೆ. ವಾರದೊಳಗೆ ನೀರು ನಾತ ಹೊಡೆಯಿತು, ಬೇರು ಕಂದಾಗಿ ಲೋಳೆಯಾಯಿತು. ಸಾವಯವವಾಗಿ ಬೆಳೆಯಲು ಆಗುವುದೇ ಇಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಆಗುತ್ತದೆ. ಆದರೆ ಜೀವಾಮೃತ ಮಣ್ಣಿಗೆಂದೇ ಮಾಡಿದ್ದು. 200 ಲೀಟರ್ ನೀರಿಗೆ ಬೆಲ್ಲವೇ 2 ಕಿಲೋ ಬೀಳುತ್ತದೆ ಅಲ್ವಾ? ಅದು ಸೂಕ್ಷ್ಮಜೀವಿಗಳ ಊಟ. ನಿಮ್ಮ ಪೈಪಿನಲ್ಲಿ ಅವು ಬೆಲ್ಲ ತಿಂದು ಸಿಕ್ಕಾಪಟ್ಟೆ ಹೆಚ್ಚಿ, ನೀರಿನ ಆಮ್ಲಜನಕವನ್ನೆಲ್ಲ ಮುಗಿಸಿವೆ. ಬೇರಿಗೆ ಉಸಿರು ಕಟ್ಟಿದೆ.

ಇನ್ನೊಂದು ತೊಡಕು ಸಾರಜನಕದ್ದು. ಹಿಂಡಿ, ಮೀನಿನ ಗೊಬ್ಬರದಲ್ಲಿ ಅದು ಹೆಚ್ಚಾಗಿ ಪ್ರೋಟೀನ್ ಆಗಿರುತ್ತದೆ. ಪಾಲಕ್‌ಗೆ ಬೇಕಾದದ್ದು ನೈಟ್ರೇಟ್, ಅಂದರೆ ಬೇರು ಸುಲಭವಾಗಿ ಹೀರುವ ಸಾರಜನಕದ ರೂಪ. ಒಂದು ಗುಂಪಿನ ಜೀವಿಗಳು ಪ್ರೋಟೀನನ್ನು ಅಮೋನಿಯಾ ಮಾಡುತ್ತವೆ. ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮಣ್ಣಿನಲ್ಲಿ ಇದು ತಾನಾಗಿ ನಡೆಯುತ್ತದೆ, ನೀರಿನಲ್ಲಿ ನಾವೇ ನಡೆಸಬೇಕು. ಜಪಾನಿನ ವಿಜ್ಞಾನಿಗಳು 2011ರಲ್ಲಿ ಇದಕ್ಕೊಂದು ದಾರಿ ಪ್ರಕಟಿಸಿದರು: ಮರದ ತೊಗಟೆಯ ಕಾಂಪೋಸ್ಟನ್ನು ಹೆಪ್ಪಿನಂತೆ ಬಳಸಿ, ಮೀನಿನ ದ್ರವಗೊಬ್ಬರವನ್ನು ನೀರಿನಲ್ಲೇ ನೈಟ್ರೇಟ್ ಮಾಡುವುದು.

ನೀವೂ ಗಿಡ ಇಡುವ ಮೊದಲು ನೀರನ್ನು ಹದ ಮಾಡಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಚೆನ್ನಾಗಿ ಕಳಿತ ಎರೆಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ ಬಕೆಟ್‌ಗೆ ಇಳಿಬಿಡಿ. ಅಕ್ವೇರಿಯಂ ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಕಡಲೆಕಾಯಿ ಹಿಂಡಿ ನೆನೆಸಿ ಸೋಸಿದ ನೀರನ್ನು ದಿನಕ್ಕೆ ಒಂದೆರಡು ಚಮಚ ಹಾಕಿ, ಜಾಸ್ತಿ ಬೇಡ. ನಾತ ಬಂದರೆ ಹಿಂಡಿ ನೀರು ಹಾಕುವುದನ್ನು ನಿಲ್ಲಿಸಿ. ಬೇವಿನ ಹಿಂಡಿಯನ್ನಂತೂ ಹಾಕಲೇಬೇಡಿ, ಅದು ನೈಟ್ರೇಟ್ ಆಗುವುದನ್ನೇ ತಡೆಯುತ್ತದೆ. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ಈ ಗುಣಕ್ಕಾಗಿಯೇ.

ಎರಡು ಮೂರು ವಾರ ತಾಳ್ಮೆ ಬೇಕು. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಇಸಿ ಮೀಟರ್ ನಂಬಿ ಕೂರಬೇಡಿ, ಪ್ರೋಟೀನ್ ರೂಪದ ಸಾರಜನಕ ಅದಕ್ಕೆ ಕಾಣುವುದಿಲ್ಲ. ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಇಳಿದು ನೈಟ್ರೇಟ್ ಏರಿದ ಮೇಲೆ ಸಸಿ ಇಡಿ.

ನನ್ನ ಮಾತು ಕೇಳಿದರೆ ಪೈಪ್ ಬಿಟ್ಟು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಚೀಲದಲ್ಲಿ ಶುರುಮಾಡಿ. ಬ್ಯಾಕ್ಟೀರಿಯಾಗಳಿಗೆ ನೆಲೆಯೂ ಗಾಳಿಯೂ ಅಲ್ಲೇ ಸಿಗುತ್ತದೆ. ಪೈಪಿನ ಸಣ್ಣ ತೂತುಗಳು ಲೋಳೆಯಿಂದ ಕಟ್ಟಿಕೊಳ್ಳುವ ಕಾಟವೂ ಇಲ್ಲ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಹಸಿ ಸಗಣಿ ನೀರು ತಾಗಿಸಬೇಡಿ, ರೋಗಾಣು ಎಲೆಯಲ್ಲೇ ಉಳಿಯಬಹುದು.